ಕಲ್ಲೆಣ್ಣೆಯ ಊರುಗಳು: ಸ್ಕಾಟ್ಲೆಂಡಿನ ಶೇಲ್ ಗಣಿಗಾರ ತೆತ್ತ ಬೆಲೆ

ಎಡಿನ್‌ಬರೋ ಬಿಟ್ಟು ಗ್ಲಾಸ್ಗೋ ಕಡೆ ಹೊರಟ ರೈಲು ವೆಸ್ಟ್ ಲೋಥಿಯನ್ ಸೀಮೆಯನ್ನು ಹೊಕ್ಕಾಗ ಹಸಿರು ಹೊಲಗಳ ನಡುವೆ ಇಟ್ಟಿಗೆ ಬಣ್ಣದ ಗುಡ್ಡಗಳು ಕಾಣಿಸಿಕೊಳ್ಳುತ್ತವೆ. ನೆತ್ತಿ ಚಪ್ಪಟೆ, ಬದಿಗಳು ಕಡಿದು. ಅಲ್ಲಿಯ ಜನ ಇವನ್ನು ಬಿಂಗ್ ಎನ್ನುತ್ತಾರೆ. ನೆಲದಡಿಯಿಂದ ಶೇಲ್ ಎಂಬ ಪದರಗಲ್ಲನ್ನು ಅಗೆದು ತಂದು, ಸುಟ್ಟು, ಅದರೊಳಗಿನ ಎಣ್ಣೆಯನ್ನು ಬಟ್ಟಿ ಇಳಿಸಿಕೊಂಡ ಮೇಲೆ ಉಳಿದ ಚರಟವನ್ನು ನೂರು ವರ್ಷ ಸುರಿದು ಸುರಿದು ಎದ್ದ ಗುಡ್ಡಗಳಿವು. 1851ರಲ್ಲಿ ಮೊದಲಾದ ಈ ಉದ್ಯಮ 1962ರಲ್ಲಿ ಕಣ್ಣು ಮುಚ್ಚಿತು. ಇಷ್ಟು ಕಾಲ ಅದು ಬಾಳಿದ್ದೇ ಒಂದು ಸೋಜಿಗ. ಅಮೆರಿಕದಲ್ಲಿ, ರಷ್ಯಾದಲ್ಲಿ, ಪರ್ಷಿಯಾದಲ್ಲಿ ಬಾವಿ ಕೊರೆದರೆ ಎಣ್ಣೆ ತಾನಾಗಿಯೇ ಉಕ್ಕುತ್ತಿದ್ದಾಗ, ಒಂದು ಟನ್ ಕಲ್ಲನ್ನು ಸಿಡಿಸಿ, ಹೊತ್ತು, ಒಡೆದು, ಸುಟ್ಟು ಇಪ್ಪತ್ತು ಗ್ಯಾಲನ್ ಆಸುಪಾಸು ಎಣ್ಣೆ ತೆಗೆಯುವ ಉದ್ಯಮ ಪೈಪೋಟಿಯಲ್ಲಿ ಉಳಿದದ್ದು ಹೇಗೆ? ಚರಿತ್ರೆಕಾರರು ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತಾರೆ: ರಸಾಯನಶಾಸ್ತ್ರಜ್ಞರ ಜಾಣ್ಮೆ, ಸರ್ಕಾರದ ತೆರಿಗೆ ರಿಯಾಯಿತಿ. ಎರಡೂ ನಿಜ. ಆದರೆ ಲೆಕ್ಕ ಅಷ್ಟಕ್ಕೇ ಸರಿಹೊಂದುವುದಿಲ್ಲ. ಉಳಿದ ಮೊತ್ತವನ್ನು ತುಂಬಿಕೊಟ್ಟವನು ಗಣಿಗಾರ. ಜಗತ್ತಿನಲ್ಲಿ ಎಣ್ಣೆಯ ಬೆಲೆ ಬಿದ್ದಾಗಲೆಲ್ಲ ಅದರ ಪೆಟ್ಟನ್ನು ಅವನ ಕೂಲಿ, ಅವನ ಮನೆ, ಕೊನೆಗೆ ಅವನ ಮೈ ತಾಳಿಕೊಂಡವು ಎಂಬುದು ಈ ಲೇಖನದ ವಾದ.

ಕಥೆ ಆರಂಭವಾಗುವುದು ಜೇಮ್ಸ್ ಯಂಗ್ ಎಂಬ ಗ್ಲಾಸ್ಗೋದ ರಸಾಯನಶಾಸ್ತ್ರಜ್ಞನಿಂದ. 1850ರಲ್ಲಿ ಆತ ಒಂದು ಪೇಟೆಂಟ್ ಪಡೆದ: ಒಂದು ಬಗೆಯ ಕಲ್ಲಿದ್ದಲನ್ನು ಕಡಿಮೆ ಉರಿಯಲ್ಲಿ ನಿಧಾನವಾಗಿ ಕಾಯಿಸಿದರೆ ಅನಿಲಕ್ಕಿಂತ ಹೆಚ್ಚಾಗಿ ಎಣ್ಣೆಯೂ ಮೇಣವೂ ದೊರೆಯುತ್ತವೆ ಎಂಬುದು ಅದರ ತಿರುಳು. ಮರುವರ್ಷವೇ ಬಾತ್‌ಗೇಟ್ ಊರಿನ ಬಳಿ ಕಾರ್ಖಾನೆ ಎದ್ದಿತು. ಅಲ್ಲಿ ಸಿಗುತ್ತಿದ್ದ ಟಾರ್ಬನೈಟ್ ಎಂಬ ಕಲ್ಲು ಟನ್ನಿಗೆ ನೂರು ಗ್ಯಾಲನ್ ಮೀರಿ ಎಣ್ಣೆ ಕೊಡುವಷ್ಟು ಸಮೃದ್ಧ. ಅದು ಕಲ್ಲಿದ್ದಲೋ ಅಲ್ಲವೋ ಎಂದು 1853ರಲ್ಲಿ ನ್ಯಾಯಾಲಯದಲ್ಲಿ ದೊಡ್ಡ ಜಗಳವೇ ನಡೆಯಿತು. ನೆಲದ ಒಡೆಯ ಕಲ್ಲಿದ್ದಲು ತೆಗೆಯಲು ಗುತ್ತಿಗೆ ಕೊಟ್ಟಿದ್ದನೇ ಹೊರತು ಈ ಬಂಗಾರದಂಥ ಕಲ್ಲನ್ನಲ್ಲ ಎಂಬುದು ಅವನ ತಕರಾರು. ಹತ್ತು ಹದಿನೈದು ವರ್ಷಗಳಲ್ಲಿ ಆ ಕಲ್ಲು ಬರಿದಾಗುತ್ತ ಬಂತು. ಆಗ ಕಣ್ಣು ಬಿದ್ದದ್ದು ಅದಕ್ಕಿಂತ ಬಡವಾದ, ಆದರೆ ಹೇರಳವಾಗಿದ್ದ ಶೇಲ್ ಮೇಲೆ. ಮೂವತ್ತಮೂರು ಕೋಟಿ ವರ್ಷಗಳ ಹಿಂದೆ ಆ ಸೀಮೆಯನ್ನು ಆವರಿಸಿದ್ದ ದೊಡ್ಡ ಸರೋವರದ ತಳದಲ್ಲಿ ಪಾಚಿಯೂ ಕೆಸರೂ ಪದರಪದರವಾಗಿ ಕೂತು ಗಟ್ಟಿಯಾದ ಕಲ್ಲು ಅದು. 1864ರಲ್ಲಿ ಯಂಗ್‌ನ ಪೇಟೆಂಟ್ ಅವಧಿ ಮುಗಿದದ್ದೇ ತಡ, ಬ್ರಾಕ್ಸ್‌ಬರ್ನ್, ಅಪ್‌ಹಾಲ್, ವೆಸ್ಟ್ ಕಾಲ್ಡರ್ ಸುತ್ತಮುತ್ತ ಹತ್ತಾರು ಕಾರ್ಖಾನೆಗಳು ಮಳೆಗಾಲದ ಅಣಬೆಯಂತೆ ಎದ್ದವು. ಯಂಗ್ ತಾನೂ ಆಡಿವೆಲ್‌ನಲ್ಲಿ ಇನ್ನೂ ದೊಡ್ಡದೊಂದನ್ನು ಕಟ್ಟಿದ. ಆಫ್ರಿಕಾ ಅಲೆದ ಡೇವಿಡ್ ಲಿವಿಂಗ್‌ಸ್ಟನ್ ಅವನ ಓದಿನ ದಿನಗಳ ಗೆಳೆಯ. ಆ ಪ್ರವಾಸಗಳಿಗೆ ಹಣ ಕೊಟ್ಟವರಲ್ಲಿ ಯಂಗ್ ಕೂಡ ಒಬ್ಬ. ದೀಪದ ಎಣ್ಣೆಯ ದುಡ್ಡು ಅಷ್ಟರ ಮಟ್ಟಿಗೆ ಹರಿದಿತ್ತು.

ಇಲ್ಲಿ ಜಾಣ್ಮೆಯ ಪಾಲನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಬಾವಿ ಎಣ್ಣೆ ಸಿಕ್ಕ ಮೇಲೆ ಅಗ್ಗದ ಅಮೆರಿಕನ್ ಸೀಮೆಎಣ್ಣೆ ಯುರೋಪಿನ ಬಂದರುಗಳಿಗೆ ನುಗ್ಗಿತು. ಬಡ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಉಳಿದವರು ಕಲ್ಲಿನಿಂದ ಇನ್ನೇನೇನು ಹಿಂಡಬಹುದು ಎಂದು ಹುಡುಕತೊಡಗಿದರು. ಶೇಲ್ ಕಾಯಿಸುವ ಎತ್ತರದ ಕುಲುಮೆಯನ್ನು ರಿಟಾರ್ಟ್ ಎನ್ನುತ್ತಾರೆ. 1873ರಲ್ಲಿ ಹೆಂಡರ್ಸನ್ ಎಂಬಾತ ರೂಪಿಸಿದ ರಿಟಾರ್ಟ್ ಎಣ್ಣೆ ಇಳಿದ ಚರಟದಲ್ಲಿ ಉಳಿದ ಇಂಗಾಲವನ್ನೇ ಉರುವಲಾಗಿ ಬಳಸಿಕೊಂಡಿತು. 1880ರ ದಶಕದ ಆರಂಭದಲ್ಲಿ ವಿಲಿಯಂ ಯಂಗ್ ಮತ್ತು ಜಾರ್ಜ್ ಬೀಲ್ಬಿ ಎಂಬಿಬ್ಬರು ಕುಲುಮೆಗೆ ಹಬೆ ಹಾಯಿಸಿ ಉರಿಯನ್ನು ಇನ್ನಷ್ಟು ಏರಿಸಿದರು. ಕಲ್ಲಿನಲ್ಲಿದ್ದ ಸಾರಜನಕ ಅಮೋನಿಯವಾಗಿ ಹೊರಬಂತು. ಅದರಿಂದ ಮಾಡಿದ ಅಮೋನಿಯಂ ಸಲ್ಫೇಟ್ ಒಳ್ಳೆಯ ಬೆಲೆಗೆ ಗೊಬ್ಬರವಾಗಿ ಹೋಯಿತು. ದೀಪದ ಎಣ್ಣೆಯಲ್ಲಿ ಸೋತದ್ದನ್ನು ಮೇಣದಬತ್ತಿಯಲ್ಲೂ ಗೊಬ್ಬರದಲ್ಲೂ ಗೆದ್ದರು. 1913ರ ಹೊತ್ತಿಗೆ ವರ್ಷಕ್ಕೆ 30 ಲಕ್ಷ ಟನ್ ಮೀರಿ ಶೇಲ್ ಅಗೆಯುತ್ತಿದ್ದರು. ಗಣಿ, ಕುಲುಮೆ, ಶುದ್ಧೀಕರಣ ಎಲ್ಲ ಸೇರಿ ಸುಮಾರು 10,000 ಜನರಿಗೆ ಕೆಲಸ. ಇದನ್ನೆಲ್ಲ ಸಾಧಿಸಿದ್ದು ವಿಜ್ಞಾನವೇ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಒಂದು ಸಂಗತಿ ಗಮನಿಸಿ: ಈ ಸುಧಾರಣೆಗಳೆಲ್ಲ ನಡೆದದ್ದು ಗಣಿಯ ಬಾಯಿಯಿಂದ ಹೊರಗೆ. ಗಣಿಯ ಒಳಗೆ ಕಲ್ಲು ಕೀಳುವ ರೀತಿ ಎರಡು ತಲೆಮಾರು ಹೆಚ್ಚುಕಡಿಮೆ ಹಾಗೇ ಇತ್ತು. ಜೊತೆಗೆ, ಶೇಲ್‌ನಲ್ಲಿ ಎಣ್ಣೆಯ ಅಂಶ ಕಡಿಮೆಯಿದ್ದಷ್ಟೂ ಅದೇ ಎಣ್ಣೆಗಾಗಿ ಹೆಚ್ಚು ಕಲ್ಲು ಬೇಕು. ರಿಟಾರ್ಟ್ ಸುಧಾರಿಸಿದ ಹಾಗೆ ಬಡ ಪದರಗಳನ್ನೂ ಅಗೆಯುವುದು ಲಾಭದಾಯಕವಾಯಿತು. ಹಾಗಾಗಿ ವಿಜ್ಞಾನದ ಒಂದೊಂದು ಗೆಲುವಿನ ಹಿಂದೆಯೂ ಇನ್ನಷ್ಟು ಕಲ್ಲು ಹೊತ್ತ ತೋಳುಗಳಿದ್ದವು.

ಆ ಕೆಲಸ ಹೇಗಿತ್ತು ಎಂಬುದನ್ನು ತುಸು ಹತ್ತಿರದಿಂದ ನೋಡೋಣ. ಶೇಲ್ ಪದರಗಳು ಓರೆಯಾಗಿ ಇಳಿದಿರುವುದರಿಂದ ಅನೇಕ ಕಡೆ ನೇರ ಬಾವಿಯ ಬದಲು ಇಳಿಜಾರಿನ ಸುರಂಗವೇ ದಾರಿ. ಒಳಗೆ ಹೋದಂತೆ ಕೋಣೆಗಳು, ನಡುನಡುವೆ ಚಾವಣಿಗೆ ಆಸರೆಯಾಗಿ ಕೊರೆಯದೆ ಬಿಟ್ಟ ಕಲ್ಲಿನ ದಪ್ಪ ಕಂಬಗಳು. ಮುಂಭಾಗದ ಕಲ್ಲಿನ ಎದುರು ನಿಂತು ಕೆಲಸ ಮಾಡುವ ಅನುಭವಿಗೆ ಫೇಸ್‌ಮನ್ ಎಂದು ಹೆಸರು. ಟೊಪ್ಪಿಗೆಗೆ ಸಿಕ್ಕಿಸಿದ ದೀಪದ ಬೆಳಕಿನಲ್ಲಿ ಅವನು ಕೈಯಿಂದ ತಿರುಗಿಸುವ ಬೈರಿಗೆಯನ್ನು ಕಲ್ಲಿಗೆ ಒತ್ತಿ ಹಿಡಿದು ಉದ್ದನೆಯ ತೂತು ಕೊರೆಯುತ್ತಾನೆ. ಶೇಲ್ ಕಲ್ಲಿದ್ದಲಿಗಿಂತ ಗಟ್ಟಿ. ಗುದ್ದಲಿ ಏಟಿಗೆ ಬಗ್ಗುವಂಥದ್ದಲ್ಲ. ತೂತಿಗೆ ಕರಿಮದ್ದು ತುಂಬಿ, ಬಾಯಿಗೆ ಜೇಡಿಮಣ್ಣು ಜಡಿದು, ಬತ್ತಿಗೆ ಕಿಡಿ ಮುಟ್ಟಿಸಿ ಮರೆಗೆ ಸರಿಯುತ್ತಾನೆ. ಸಿಡಿತದ ನಂತರ ಹೊಗೆ ಪೂರ್ತಿ ಕರಗುವ ತನಕ ಕಾಯುವಷ್ಟು ಪುರುಸೊತ್ತು ಟನ್ ಲೆಕ್ಕದಲ್ಲಿ ದುಡಿಯುವವನಿಗೆ ಇರುವುದಿಲ್ಲ. ಉದುರಿದ ಕಲ್ಲನ್ನು ಡ್ರಾಯರ್ ಎಂಬ ಸಹಾಯಕ ಸಲಿಕೆಯಿಂದ ಹಚ್‌ಗೆ, ಅಂದರೆ ಹಳಿಯ ಮೇಲೆ ಓಡುವ ಚಿಕ್ಕ ಬಂಡಿಗೆ ತುಂಬಿ ತಳ್ಳಿಕೊಂಡು ಹೋಗುತ್ತಾನೆ. ದೊಡ್ಡ ಹಾದಿಯಲ್ಲಿ ಅದನ್ನು ಎಳೆಯಲು ಕುದುರೆಯೋ ಉಕ್ಕಿನ ಹಗ್ಗವೋ ಇರುತ್ತದೆ. ಯಾರ ಹಚ್ ಯಾವುದೆಂದು ತಿಳಿಯಲು ಒಂದೊಂದಕ್ಕೂ ಲೋಹದ ಬಿಲ್ಲೆ. ಮೇಲೆ ತೂಕ ಮಾಡುವವನು ಬಿಲ್ಲೆ ನೋಡಿ ಲೆಕ್ಕ ಬರೆದುಕೊಳ್ಳುತ್ತಾನೆ. ಶೇಲ್ ಪದರ ಎಷ್ಟೋ ಕಡೆ ಆಳೆತ್ತರ, ಅದಕ್ಕಿಂತಲೂ ಹೆಚ್ಚು ದಪ್ಪ. ಕಲ್ಲಿದ್ದಲು ಗಣಿಗಾರನಂತೆ ಪಕ್ಕೆಯ ಮೇಲೆ ಮಲಗಿ ಕೀಳಬೇಕಾಗಿಲ್ಲ. ಇದು ಅನುಕೂಲವೇ ಸರಿ. ಆದರೆ ಎತ್ತರದ ಚಾವಣಿಯಿಂದ ಬೀಳುವ ಬಂಡೆ ಹೆಚ್ಚು ಎತ್ತರದಿಂದಲೇ ಬೀಳುತ್ತದೆ. ಗಣಿಯ ಸಾವುಗಳಲ್ಲಿ ಪತ್ರಿಕೆಗೆ ಬರುವುದು ದೊಡ್ಡ ಸ್ಫೋಟ. ಒಬ್ಬೊಬ್ಬರನ್ನಾಗಿ ಸದ್ದಿಲ್ಲದೆ ಕೊಂದದ್ದು ಚಾವಣಿ ಕುಸಿತ.

ಈ ವ್ಯವಸ್ಥೆಯಲ್ಲಿ ಫೇಸ್‌ಮನ್‌ನ ಸ್ಥಾನ ವಿಚಿತ್ರವಾದದ್ದು. ಅವನು ಕಂಪನಿಯ ಕೂಲಿಯಾಳು, ಜೊತೆಗೆ ಒಂದು ಬಗೆಯ ತುಂಡು ಗುತ್ತಿಗೆದಾರ. ಟನ್ನಿಗೆ ಇಷ್ಟು ಎಂದು ಅವನಿಗೆ ದುಡ್ಡು ಬರುತ್ತದೆ. ತನ್ನ ಡ್ರಾಯರ್‌ಗಳಿಗೆ ಕೂಲಿ ಕೊಡುವವನು ಅವನೇ. ಮದ್ದು, ದೀಪದ ಎಣ್ಣೆ ಮುಂತಾದವುಗಳ ಖರ್ಚು ಅವನ ಗಳಿಕೆಯಿಂದಲೇ ಕಳೆದುಹೋಗುತ್ತದೆ. ಡ್ರಾಯರ್ ಎಂದರೆ ಬಹುಪಾಲು ಅವನ ಮಗನೋ ತಮ್ಮನೋ ಪಕ್ಕದ ಮನೆಯ ಹುಡುಗನೋ ಆಗಿರುತ್ತಿದ್ದ. ಇದರಲ್ಲಿ ಒಂದು ಸ್ವಾತಂತ್ರ್ಯವಿತ್ತು ಎಂದು ಹೇಳುವವರಿದ್ದಾರೆ. ತಲೆಯ ಮೇಲೆ ಮೇಸ್ತ್ರಿ ನಿಂತು ಗದರುವುದಿಲ್ಲ, ತನ್ನ ಕೋಣೆಗೆ ತಾನೇ ಯಜಮಾನ, ಕಸುಬಿನ ಹೆಮ್ಮೆ ಬೇರೆ. ಆ ಹೆಮ್ಮೆಯನ್ನು ಸುಳ್ಳೆನ್ನುವ ಹಕ್ಕು ನಮಗಿಲ್ಲ. ಆದರೆ ಹಣದ ಕಡೆಯಿಂದ ನೋಡಿದರೆ ಕಂಪನಿ ಇಲ್ಲಿ ಮಾಡಿದ್ದು ಬಹಳ ಚತುರ ಕೆಲಸ. ಕಲ್ಲು ಗಟ್ಟಿಯಾದರೆ, ನೀರು ಒಸರಿದರೆ, ಪದರ ಮುರಿದು ಬೇರೆಡೆ ಸರಿದಿದ್ದರೆ ಆಗುವ ನಷ್ಟದ ದೊಡ್ಡ ಪಾಲು ಫೇಸ್‌ಮನ್‌ನ ತಲೆಗೆ. ಟನ್ನಿನ ದರವನ್ನು ಒಂದು ಪೆನ್ನಿ ಇಳಿಸಿದರೆ ಅದರ ಬಿಸಿ ಮೊದಲು ತಾಗುವುದು ಅಪ್ಪನಿಗೆ, ಅವನ ಮೂಲಕ ಮಗನಿಗೆ. ಕಂಪನಿ ಕೂಲಿ ಇಳಿಸಿತು ಎನ್ನುವ ಮಾತು ಅಡುಗೆಮನೆಯಲ್ಲಿ ಅಪ್ಪ ಕಡಿಮೆ ಕೊಟ್ಟ ಎಂಬ ಮಾತಾಗಿಬಿಡುತ್ತದೆ. ನಷ್ಟವನ್ನು ಸಂಸಾರದ ಒಳಗೇ ಹಂಚಿಕೊಳ್ಳುವ ಈ ಏರ್ಪಾಡು ಬೆಲೆ ಬಿದ್ದ ವರ್ಷಗಳಲ್ಲಿ ಉದ್ಯಮಕ್ಕೆ ಎಷ್ಟು ಬಲ ಕೊಟ್ಟಿರಬೇಕು ಎಂಬುದನ್ನು ಯಾವ ಕಂಪನಿಯ ಜಮಾಖರ್ಚೂ ತೋರಿಸುವುದಿಲ್ಲ.

ಮನೆಯ ವಿಷಯವೂ ಹೀಗೇ. ಶೇಲ್ ಸಿಕ್ಕ ಕಡೆ ಮೊದಲು ಊರಿರಲಿಲ್ಲ. ಹೊಲ, ಕುರಿಗಾವಲು, ಬಯಲು. ಕೆಲಸಕ್ಕೆ ಸ್ಕಾಟ್ಲೆಂಡಿನ ಬೇರೆ ಭಾಗಗಳಿಂದಲೂ ಕಡಲಾಚೆಯ ಐರ್ಲೆಂಡಿನಿಂದಲೂ ಜನ ಬಂದರು. ಅವರಿಗೆಂದು ಕಂಪನಿಗಳು ಉದ್ದುದ್ದ ಸಾಲುಮನೆಗಳನ್ನು ಕಟ್ಟಿದವು. ಆಡಿವೆಲ್, ಬ್ರಾಕ್ಸ್‌ಬರ್ನ್, ಪಂಫರ್‌ಸ್ಟನ್, ವಿಂಚ್‌ಬರೋ, ಮತ್ತೆ ಎತ್ತರದ ಬಂಜರಿನಲ್ಲಿ ಒಂಟಿಯಾಗಿ ನಿಂತ ಟಾರ್‌ಬ್ರಾಕ್ಸ್, ಎಲ್ಲ ಕಡೆಯೂ ಅದೇ ಚಿತ್ರ. ಬಹುಪಾಲು ಮನೆಗಳಿಗೆ ಒಂದು ಕೋಣೆ, ಒಂದು ಅಡುಗೆಮನೆ. ಗೋಡೆಯಲ್ಲೇ ಗೂಡು ಮಾಡಿ ಅದರಲ್ಲಿ ಹಾಸಿಗೆ. ಅಪ್ಪ ಅಮ್ಮ, ಐದಾರು ಮಕ್ಕಳು, ಕೆಲವೊಮ್ಮೆ ಬಾಡಿಗೆಗೆ ಇರಿಸಿಕೊಂಡ ಒಬ್ಬಿಬ್ಬರು ಒಂಟಿ ಗಂಡಸರು. ಹಳೆಯ ಸಾಲುಗಳಲ್ಲಿ ನೀರು ಬೀದಿಯ ನಲ್ಲಿಯಿಂದ, ಪಾಯಿಖಾನೆ ಹಿತ್ತಲಲ್ಲಿ, ಹಲವು ಮನೆಗಳಿಗೆ ಸೇರಿ ಒಂದು. ಗಣಿಯಿಂದ ಬಂದವನ ಮೈಯ ಎಣ್ಣೆಮಸಿ ತೊಳೆಯುವುದು ಒಲೆಯ ಮುಂದಿನ ತಗಡಿನ ತೊಟ್ಟಿಯಲ್ಲಿ. ಅಪ್ಪ ಬೆಳಗಿನ ಪಾಳಿ, ದೊಡ್ಡ ಮಗ ಮಧ್ಯಾಹ್ನದ ಪಾಳಿ ಎಂದಾದರೆ ಮನೆಯೊಡತಿಯ ನೀರು ಕಾಯಿಸುವ ಕೆಲಸಕ್ಕೆ ಕೊನೆಯೇ ಇಲ್ಲ. ಈ ದುಡಿಮೆಗೆ ಕೂಲಿ ಕೊಟ್ಟವರಿಲ್ಲ. ಆದರೆ ಇದಿಲ್ಲದೆ ಮರುದಿನ ಗಣಿಗೆ ಇಳಿಯುವ ಗಂಡಸೂ ಇಲ್ಲ. ಕಾನೂನು ಹೆಂಗಸರನ್ನು 1842ರಲ್ಲೇ ಗಣಿಯ ಒಳಗಿನಿಂದ ಹೊರಗಿಟ್ಟಿತ್ತು. ಮದುವೆಗೆ ಮುಂಚಿನ ಹುಡುಗಿಯರಿಗೆ ಮೇಣದಬತ್ತಿ ತಯಾರಿಸುವ ಮನೆಯಲ್ಲಿ ಕೆಲಸ ಸಿಗುತ್ತಿತ್ತು.

ಈ ಮನೆಗಳನ್ನು ಹೊಗಳಿ ಮಾತಾಡುವವರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. 1911ರ ಜನಗಣತಿಯ ಪ್ರಕಾರ ಸ್ಕಾಟ್ಲೆಂಡಿನ ಹೆಚ್ಚುಕಡಿಮೆ ಅರ್ಧದಷ್ಟು ಜನ ಒಂದು ಇಲ್ಲವೇ ಎರಡು ಕೋಣೆಯ ಮನೆಗಳಲ್ಲೇ ಇದ್ದರು. ಶೇಲ್ ಗಣಿಗಾರನ ಪಾಡು ಅದಕ್ಕಿಂತ ಕೀಳೇನೂ ಆಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಂಚ್‌ಬರೋದಂಥ ಊರಿನಲ್ಲಿ ಕಟ್ಟಿದ ಇಟ್ಟಿಗೆ ಮನೆಗಳು ಅನೇಕ ಕಲ್ಲಿದ್ದಲು ಊರುಗಳ ಗುಡಿಸಲುಗಳಿಗಿಂತ ಎಷ್ಟೋ ವಾಸಿ. ಮುಂದೆ ತೋಟ, ಬಾಡಿಗೆಯೂ ಹೆಚ್ಚಲ್ಲ. ಆದರೆ ಮನೆ ಚೆನ್ನಾಗಿತ್ತೇ ಎಂಬುದರ ಜೊತೆಗೆ ಅದು ಯಾವ ಷರತ್ತಿನ ಮೇಲೆ ಸಿಕ್ಕಿತ್ತು ಎಂಬುದನ್ನೂ ಕೇಳಬೇಕು. ಕೆಲಸ ಇರುವ ತನಕ ಮನೆ. ಕೆಲಸ ಹೋದ ದಿನ ಮನೆಯೂ ಹೋಯಿತು. 1887ರಲ್ಲಿ ಬ್ರಾಕ್ಸ್‌ಬರ್ನ್‌ನಲ್ಲಿ ಇದರ ಅರ್ಥವೇನೆಂದು ಎಲ್ಲರಿಗೂ ಕಂಡಿತು. ಎಣ್ಣೆಯ ಬೆಲೆ ಇಳಿದಿತ್ತು, ಕಂಪನಿ ಕೂಲಿ ಇಳಿಸಿತು, ಆಗಷ್ಟೇ ಸಂಘ ಕಟ್ಟಿಕೊಂಡಿದ್ದ ಗಣಿಗಾರರು ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಕಂಪನಿ ಕೋರ್ಟಿನ ಆದೇಶ ತಂದು ಮುಷ್ಕರ ಹೂಡಿದವರ ಸಂಸಾರಗಳನ್ನು ತನ್ನ ಮನೆಗಳಿಂದ ಹೊರಗೆ ಹಾಕಿಸಿತು. ಪೆನ್ಸಿಲ್ವೇನಿಯಾದ ಬಾವಿಗಳಲ್ಲಿ ಎಣ್ಣೆ ಹೆಚ್ಚಾಗಿ ಉಕ್ಕಿದ್ದಕ್ಕೆ ಬ್ರಾಕ್ಸ್‌ಬರ್ನ್‌ನ ಮಕ್ಕಳು ಬೀದಿಯಲ್ಲಿ ನಿಲ್ಲಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾವು ಹೇಳುವುದು ಇಂಥದ್ದಕ್ಕೇ. ಒಳ್ಳೆಯ ಮನೆ ಕಳೆದುಕೊಳ್ಳುವ ಭಯ ಹರಕು ಮನೆ ಕಳೆದುಕೊಳ್ಳುವ ಭಯಕ್ಕಿಂತ ದೊಡ್ಡದು. ಆ ಮಟ್ಟಿಗೆ ವಿಂಚ್‌ಬರೋದ ತೋಟಕ್ಕೂ ಗಣಿಗಾರನ ಬಾಯಿ ಕಟ್ಟುವ ಶಕ್ತಿ ಇತ್ತು.

ಹಾಗೆಂದು ಈ ಊರಿನ ಜನರನ್ನು ಬರೀ ಪಾಪದವರಂತೆ ಚಿತ್ರಿಸಿದರೆ ಅದೂ ಅನ್ಯಾಯ. ಕಂಪನಿ ಕೊಡದಿದ್ದುದನ್ನು ಅವರು ತಾವೇ ಕಟ್ಟಿಕೊಂಡರು. ವೆಸ್ಟ್ ಕಾಲ್ಡರ್‌ನಲ್ಲಿ 1875ರಲ್ಲಿ ಆರಂಭವಾದ ಸಹಕಾರ ಸಂಘ ದಿನಸಿ, ರೊಟ್ಟಿ, ಬಟ್ಟೆ ಎಲ್ಲವನ್ನೂ ಮಾರುವ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಕೊಂಡವರಿಗೇ ಲಾಭಾಂಶ ಮರಳುತ್ತಿತ್ತು. ಹಿತ್ತಾಳೆ ವಾದ್ಯಗಳ ಬ್ಯಾಂಡು, ಫುಟ್‌ಬಾಲ್ ತಂಡ, ವಾಚನಾಲಯ, ಇಗರ್ಜಿ ಇವೆಲ್ಲ ಸಣ್ಣ ಸಣ್ಣ ಊರುಗಳಲ್ಲೂ ಇದ್ದವು. ಕ್ಯಾಥೊಲಿಕ್ ಐರಿಷರಿಗೂ ಪ್ರಾಟೆಸ್ಟೆಂಟ್ ಸ್ಕಾಟರಿಗೂ ನಡುವಿನ ಬಿಗುಮಾನ ಇತ್ತೆಂಬುದೂ ನಿಜ. ಆದರೆ ಸಂಘದ ಸಭೆಯಲ್ಲಿ, ಗಣಿಯ ಕತ್ತಲಲ್ಲಿ ಒಬ್ಬರನ್ನೊಬ್ಬರು ನಂಬದೆ ಗತಿ ಇರಲಿಲ್ಲ. ಸಹಕಾರ ಸಂಘದ ವಿಷಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದು: ಮುಷ್ಕರದ ವಾರಗಳಲ್ಲಿ ಸಾಲ ಕೊಟ್ಟು ಒಲೆ ಆರದಂತೆ ನೋಡಿಕೊಳ್ಳಬಲ್ಲ ಅಂಗಡಿ ಕಂಪನಿಯದಲ್ಲದೆ ಇರುವುದು ಗಣಿಗಾರನ ಕೈಯಲ್ಲಿದ್ದ ಕೆಲವೇ ಆಯುಧಗಳಲ್ಲೊಂದು.

ಮೊದಲನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ಉಳಿದಿದ್ದ ಐದು ಕಂಪನಿಗಳು 1919ರಲ್ಲಿ ಸ್ಕಾಟಿಷ್ ಆಯಿಲ್ಸ್ ಎಂಬ ಒಂದೇ ಸಂಸ್ಥೆಯೊಳಗೆ ಸೇರಿದವು. ಅದರ ಒಡೆತನ ಆಂಗ್ಲೋ ಪರ್ಷಿಯನ್ ಆಯಿಲ್ ಕಂಪನಿಯದು. ಇಂದಿನ ಬಿಪಿ ಎಂದರೆ ಅದೇ. ಪಂಫರ್‌ಸ್ಟನ್ ಕಂಪನಿಯನ್ನು ಕಟ್ಟಿದವನ ಮಗ ವಿಲಿಯಂ ಫ್ರೇಸರ್ ಮುಂದೆ 1941ರಿಂದ 1956ರ ತನಕ ಆ ದೈತ್ಯ ಕಂಪನಿಯ ಅಧ್ಯಕ್ಷನಾದ. ಶೇಲ್ ಸೀಮೆಯಲ್ಲಿ ಕಸುಬು ಕಲಿತ ತಂತ್ರಜ್ಞರು ಪರ್ಷಿಯಾದ ಅಬಾದಾನ್‌ಗೂ ಬರ್ಮಾದ ರಂಗೂನ್ ಬಳಿಯ ಶುದ್ಧೀಕರಣ ಕೇಂದ್ರಕ್ಕೂ ಹೋದರು. ಗ್ಲಾಸ್ಗೋದಲ್ಲಿ ಹುಟ್ಟಿದ ಬರ್ಮಾ ಆಯಿಲ್ ಕಂಪನಿಯ ಸೀಮೆಎಣ್ಣೆಗೆ ದೊಡ್ಡ ಮಾರುಕಟ್ಟೆಯೇ ಭಾರತ; 1928ರಲ್ಲಿ ಅದು ಶೆಲ್ ಜೊತೆ ಸೇರಿ ಬರ್ಮಾ ಶೆಲ್ ಕಟ್ಟಿತು, ಭಾರತ್ ಪೆಟ್ರೋಲಿಯಂ ಬೆಳೆದದ್ದು ಅದರ ಬೇರಿನಿಂದ. ನಮ್ಮ ಹಳ್ಳಿಗಳ ಬುಡ್ಡಿದೀಪ, ಲಾಟೀನುಗಳಿಗೂ ವೆಸ್ಟ್ ಲೋಥಿಯನ್ನಿನ ಕುಲುಮೆಗಳಿಗೂ ಹೀಗೆ ದೂರದ ನೆಂಟಸ್ತಿಕೆ ಉಂಟು. ಆದರೆ ಗಣಿಗಾರನ ಮಟ್ಟಿಗೆ ಈ ವಿಲೀನದ ಅರ್ಥ ಬೇರೆ. ಅಲ್ಲಿಯವರೆಗೆ ಪರ್ಷಿಯಾದ ಅಗ್ಗದ ಎಣ್ಣೆ ಅವನ ಕಂಪನಿಯ ವೈರಿ. ಈಗ ಅದೇ ಎಣ್ಣೆ ಅವನ ಧಣಿಯ ಮುಖ್ಯ ಆಸ್ತಿ. 1924ರಲ್ಲಿ ಅದೇ ಕಂಪನಿ ಗ್ರೇಂಜ್‌ಮೌತ್ ಬಂದರಿನಲ್ಲಿ ಹೊರಗಿನ ಕಚ್ಚಾ ಎಣ್ಣೆಯ ಶುದ್ಧೀಕರಣ ಶುರುಮಾಡಿತು. ಅದಕ್ಕೆ ಬೇಕಾದ ಕುಶಲ ಕೆಲಸಗಾರರು ಎಲ್ಲಿ ಸಿಗುತ್ತಾರೆಂದು ಹುಡುಕಬೇಕಾಗಿರಲಿಲ್ಲ.

ಕೃತಕ ಅಮೋನಿಯ ಬಂದು ಗೊಬ್ಬರದ ಬೆಲೆಯೂ ಕುಸಿದ ಮೇಲೆ 1925ರಲ್ಲಿ ಮತ್ತೆ ಕೂಲಿ ಕಡಿತದ ಮಾತು ಬಂತು. ಮುಷ್ಕರ ನಡೆಯಿತು, ಗಣಿಗಾರ ಸೋತ. ಕೆಲವು ಗಣಿ, ಕಾರ್ಖಾನೆಗಳು ಮತ್ತೆ ತೆರೆಯಲೇ ಇಲ್ಲ. ಟಾರ್‌ಬ್ರಾಕ್ಸ್‌ನಂಥ ಊರುಗಳಲ್ಲಿ ಬೇರೆ ಕೆಲಸ ಎಂಬುದೇ ಇರಲಿಲ್ಲ. 1928ರಲ್ಲಿ ಸರ್ಕಾರ ಆಮದು ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ನಾಲ್ಕು ಪೆನ್ಸ್ ಸುಂಕ ಹಾಕಿತು. ಸ್ವದೇಶಿ ಶೇಲ್ ಪೆಟ್ರೋಲಿಗೆ ಅದಿರಲಿಲ್ಲ. ಈ ಆಸರೆ ಸಿಕ್ಕ ಮೇಲೂ 1930ರ ದಶಕದ ಮುಗ್ಗಟ್ಟಿನಲ್ಲಿ ಕೆಲಸವನ್ನು ಹಂಚಿಕೊಳ್ಳುವ ಒಂದು ಏರ್ಪಾಡು ಜಾರಿಗೆ ಬಂತು: ಮೂರು ವಾರ ದುಡಿ, ನಾಲ್ಕನೆಯ ವಾರ ನಿರುದ್ಯೋಗ ಭತ್ಯೆಯಲ್ಲಿ ಕೂಡು. ಯಾರನ್ನೂ ಪೂರ್ತಿ ಹೊರಹಾಕದೆ ಇದ್ದುದನ್ನು ಎಲ್ಲರೂ ಹಂಚಿ ತಿನ್ನುವ ಈ ಉಪಾಯಕ್ಕೆ ಸಂಘವೂ ಒಪ್ಪಿತ್ತು. ಇಲ್ಲಿ ನನ್ನ ವಾದಕ್ಕೆ ಬಲವಾದ ಆಕ್ಷೇಪ ಎದುರಾಗುತ್ತದೆ. ಕೂಲಿ ಇಳಿಯದೆ ಹೋಗಿದ್ದರೆ ಉದ್ಯಮ ಮೂವತ್ತು ವರ್ಷ ಮೊದಲೇ ಮುಚ್ಚುತ್ತಿತ್ತು, ಆಗ ಅರ್ಧ ಕೂಲಿಯೂ ಇಲ್ಲದಂತಾಗುತ್ತಿತ್ತು, ಗಣಿಗಾರರು ತಿಳಿದೇ ಒಪ್ಪಿದರು ಎಂಬುದು ಆ ಆಕ್ಷೇಪ. ಫ್ರೇಸರ್‌ಗೆ ತವರು ಸೀಮೆಯ ಮಮಕಾರ ಇದ್ದಿರಬಹುದು. ಬರೀ ಲಾಭದ ಲೆಕ್ಕ ನೋಡಿದ್ದರೆ ಕಂಪನಿ ಶೇಲ್ ಅನ್ನು ಎಂದೋ ಕೈಬಿಡಬಹುದಿತ್ತು. ಇದೆಲ್ಲ ಸರಿ ಎಂದೇ ಇಟ್ಟುಕೊಳ್ಳೋಣ. ಆದರೂ ಈ ಆಕ್ಷೇಪ ಹೇಳುವುದು ಏನನ್ನು? ಉದ್ಯಮ ಉಳಿಯಲು ಗಣಿಗಾರನ ತ್ಯಾಗ ಬೇಕಿತ್ತು ಎಂಬುದನ್ನೇ. ನಾಲ್ಕು ವಾರಕ್ಕೊಮ್ಮೆ ಕೂಲಿಯಿಲ್ಲದೆ ಕೂತವನು ಉದ್ಯಮಕ್ಕೆ ಬಂಡವಾಳ ಹಾಕಿದವನೂ ಹೌದು. ಷೇರುದಾರನಿಗೆ ಸಿಗುವ ಪತ್ರವೊಂದು ಅವನಿಗೆ ಸಿಗಲಿಲ್ಲ, ಅಷ್ಟೇ ವ್ಯತ್ಯಾಸ. ಒಪ್ಪಿಗೆಯ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು: ಬೇರೆ ಕೆಲಸವಿಲ್ಲದ ಊರಿನಲ್ಲಿ, ಕಂಪನಿಯ ಸೂರಿನಡಿ ಕೂತು ಹೇಳಿದ ಹೂಂ ಎಷ್ಟರ ಮಟ್ಟಿಗೆ ಹೂಂ?

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ ಗಣಿಗಾರನ ಬಾಳಿನಲ್ಲಿ ದೊಡ್ಡ ತಿರುವು ಬಂತು. 1947ರ ಜನವರಿ 1ರಂದು ಕಲ್ಲಿದ್ದಲು ಗಣಿಗಳೆಲ್ಲ ರಾಷ್ಟ್ರದ ಒಡೆತನಕ್ಕೆ ಬಂದವು. ಶೇಲ್ ಗಣಿಗಳು ಆ ಪಟ್ಟಿಯಲ್ಲಿ ಇರಲಿಲ್ಲ; ಅವು ಖಾಸಗಿಯಾಗಿಯೇ ಉಳಿದವು. ಅದಾದ ಒಂಬತ್ತು ದಿನಕ್ಕೆ, ಜನವರಿ 10ರ ಸಂಜೆ, ವೆಸ್ಟ್ ಕಾಲ್ಡರ್ ಬಳಿಯ ಬರ್ನ್‌ಗ್ರೇಂಜ್ ಗಣಿಯಲ್ಲಿ ಸ್ಫೋಟವಾಯಿತು. ಕುಸಿತದ ಹಿಂದೆ ಸೇರಿಕೊಂಡಿದ್ದ ಅನಿಲಕ್ಕೆ ಟೊಪ್ಪಿಗೆ ದೀಪದ ಬರಿಜ್ವಾಲೆ ತಾಗಿತ್ತು. 15 ಜನ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಸ್ಫೋಟವಲ್ಲ, ಅದರ ಬೆನ್ನಿಗೆ ಹೊತ್ತಿದ ಬೆಂಕಿಯ ವಿಷಗಾಳಿ. ರಕ್ಷಣಾ ತಂಡದವರು ಬೆಂಕಿಯ ಜೊತೆ ಹೋರಾಡಿ ಶವಗಳನ್ನು ತಲುಪಲು ದಿನಗಳೇ ಹಿಡಿದವು. ಶೇಲ್ ಗಣಿಯಲ್ಲಿ ಅನಿಲ ಕಡಿಮೆ ಎಂಬ ನಂಬಿಕೆಯಿಂದ ಅಲ್ಲಿ ಮುಚ್ಚಿಲ್ಲದ ಅಸಿಟಿಲೀನ್ ದೀಪ ಬಳಸುವುದು ವಾಡಿಕೆಯಾಗಿತ್ತು, ಕಾನೂನಿಗೂ ಅದು ಸಮ್ಮತ. ಗಣಿಗಾರರೇ ಬರಿಜ್ವಾಲೆಯ ಬೆಳಕನ್ನು ಇಷ್ಟಪಡುತ್ತಿದ್ದರು ಎನ್ನಬಹುದು. ನಿಜ, ಬೆಳಕು ಹೆಚ್ಚಿದ್ದರೆ ಟನ್ನೂ ಹೆಚ್ಚು. ಟನ್ ಲೆಕ್ಕದಲ್ಲಿ ಹೊಟ್ಟೆ ಹೊರೆಯುವವನ ಆಯ್ಕೆಯೊಳಗೆ ಆ ಲೆಕ್ಕ ಮೊದಲೇ ಕೂತಿರುತ್ತದೆ.

ಮೈಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ನಿಧಾನವಾದದ್ದು, ಹಾಗಾಗಿಯೇ ಲೆಕ್ಕಕ್ಕೆ ಸಿಗದೆ ಹೋದದ್ದು. 1876ರಲ್ಲಿ ಎಡಿನ್‌ಬರೋದ ಶಸ್ತ್ರವೈದ್ಯ ಜೋಸೆಫ್ ಬೆಲ್ ಪ್ಯಾರಾಫಿನ್ ಕಾರ್ಖಾನೆಯ ಕೆಲಸಗಾರನಲ್ಲಿ ವೃಷಣಕೋಶದ ಚರ್ಮದ ಕ್ಯಾನ್ಸರ್ ಕಂಡದ್ದನ್ನು ದಾಖಲಿಸಿದ. ಇದೇ ಬೆಲ್‌ನ ಚುರುಕುಗಣ್ಣನ್ನು ನೋಡಿ ಅವನ ಶಿಷ್ಯ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ್ದು. ಪತ್ತೇದಾರನ ಕಥೆಗಳು ಲೋಕವನ್ನೆಲ್ಲ ಸುತ್ತಿದವು; ವೈದ್ಯನ ಪತ್ತೆ ಮಾತ್ರ ದಶಕಗಟ್ಟಲೆ ವೈದ್ಯಕೀಯ ಪತ್ರಿಕೆಯ ಪುಟದಲ್ಲೇ ಉಳಿಯಿತು. 1922ರಲ್ಲಿ ಅಲೆಕ್ಸಾಂಡರ್ ಸ್ಕಾಟ್ ಎಂಬ ವೈದ್ಯ ಶೇಲ್ ಎಣ್ಣೆ ಕೆಲಸಗಾರರಲ್ಲಿ ಇಂಥ ಕ್ಯಾನ್ಸರ್‌ಗಳನ್ನು ಒಟ್ಟುಗೂಡಿಸಿ ಬರೆದ. ಮೇಣ ಹಿಂಡುವ ಯಂತ್ರದ ಬಳಿ ದಿನವಿಡೀ ಎಣ್ಣೆಯಲ್ಲಿ ತೊಯ್ದ ಬಟ್ಟೆಯಲ್ಲಿರುವವರಿಗೆ ಅಪಾಯ ಹೆಚ್ಚು. ಅದೇ ಕಾಲದಲ್ಲಿ ಲ್ಯಾಂಕಾಶೈರ್‌ನ ಹತ್ತಿ ಗಿರಣಿಗಳಲ್ಲೂ ನೂಲುವವರಿಗೆ ಅದೇ ಕ್ಯಾನ್ಸರ್ ಕಾಣಿಸಿಕೊಂಡಾಗ ಬೆರಳು ತೋರಿದ್ದು ಕದಿರುಗಳಿಗೆ ಬಳಿಯುತ್ತಿದ್ದ ಎಣ್ಣೆಯ ಕಡೆಗೆ. ಶೇಲ್ ಎಣ್ಣೆ ಕೂಡ ಅದಕ್ಕಾಗಿ ಬಳಕೆಯಲ್ಲಿತ್ತು. ಗಣಿಯೊಳಗಿದ್ದವರಿಗೆ ಈ ಎಣ್ಣೆಯ ಕಾಟ ಅಷ್ಟಿಲ್ಲ, ಕುಲುಮೆ ಮತ್ತು ಶುದ್ಧೀಕರಣದವರ ಕಾಯಿಲೆಯನ್ನು ಗಣಿಗಾರನ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ ಎಂದು ಯಾರಾದರೂ ಹೇಳಬಹುದು. ಊರು ಒಂದೇ, ಸಂಸಾರ ಒಂದೇ ಎಂಬುದು ನನ್ನ ಉತ್ತರ. ಅಪ್ಪ ಗಣಿಯಲ್ಲಿ, ಮಗ ರಿಟಾರ್ಟಿನಲ್ಲಿ, ಮಗಳು ಮೇಣದಬತ್ತಿ ಮನೆಯಲ್ಲಿ ಇರುವ ಊರಿನಲ್ಲಿ ಅಪಾಯವನ್ನು ವಿಭಾಗಗಳಾಗಿ ಹಂಚಿಡಲಾಗದು. ಗಣಿಗಾರನಿಗೆ ಅವನದೇ ಆದ ಇನ್ನೊಂದು ಪಾಲಿತ್ತು: ಶ್ವಾಸಕೋಶದಲ್ಲಿ ಕೂತ ಕಲ್ಲಿನ ದೂಳು.

ತೆರಿಗೆ ರಿಯಾಯಿತಿಯ ಆಸರೆ ಕಳಚಿ, ಮಧ್ಯಪ್ರಾಚ್ಯದ ಎಣ್ಣೆಯ ಮುಂದೆ ಯಾವ ರಿಟಾರ್ಟೂ ನಿಲ್ಲಲಾರದೆ ಹೋದಾಗ 1962ರಲ್ಲಿ ಉದ್ಯಮ ಮುಗಿಯಿತು. ಅದೇ ವರ್ಷ ಸರ್ಕಾರ ಆ ಸೀಮೆಯ ನಟ್ಟನಡುವೆ ಲಿವಿಂಗ್‌ಸ್ಟನ್ ಎಂಬ ಹೊಸ ನಗರವನ್ನು ಕಟ್ಟಲು ಘೋಷಣೆ ಹೊರಡಿಸಿತು. ಬಾತ್‌ಗೇಟ್‌ನಲ್ಲಿ ಆಗಷ್ಟೇ ತೆರೆದಿದ್ದ ಲಾರಿ ಕಾರ್ಖಾನೆಯಲ್ಲಿ ಗಣಿ ಬಿಟ್ಟವರಿಗೆ ಕೆಲಸ ಸಿಕ್ಕಿತು. ಅದೂ 1986ರಲ್ಲಿ ಮುಚ್ಚಿತು. ಬಿಂಗ್‌ಗಳ ಕೆಂಪು ಚರಟವನ್ನು ರಸ್ತೆಗಳ ತಳಪಾಯಕ್ಕೆ ಬೇಕಾದಷ್ಟು ಹೊತ್ತೊಯ್ದರು. ಉಳಿದವುಗಳಲ್ಲಿ ವೆಸ್ಟ್ ಕಾಲ್ಡರ್ ಬಳಿಯ ಐದು ಗುಡ್ಡಗಳು ‘ಐದು ಸೋದರಿಯರು’ ಎಂಬ ಹೆಸರಿನಲ್ಲಿ ಇಂದು ಕಾನೂನಿನ ರಕ್ಷಣೆಯಿರುವ ಸ್ಮಾರಕ. 1970ರ ದಶಕದಲ್ಲಿ ಜಾನ್ ಲೇಥಮ್ ಎಂಬ ಕಲಾವಿದ ಇವನ್ನು ಕಲಾಕೃತಿಯಾಗಿಯೇ ಉಳಿಸಿಕೊಳ್ಳಬೇಕೆಂದು ಸರ್ಕಾರಕ್ಕೆ ಸಲಹೆ ಕೊಟ್ಟಿದ್ದ. ಅಪರೂಪದ ಗಿಡಗಳು ಬೆಳೆದು ಕೆಲವು ಬಿಂಗ್‌ಗಳು ಜೀವವೈವಿಧ್ಯದ ತಾಣವೂ ಆಗಿವೆ. ಕಲ್ಲಿನ ಲೆಕ್ಕ ಹೀಗೆ ಒಂದು ರೀತಿಯಲ್ಲಿ ಚುಕ್ತಾ ಆಯಿತು. ಮೈಯ ಲೆಕ್ಕ ತೆಗೆದದ್ದು ಇನ್ನೂ ತಡವಾಗಿ. 1973ರ ಎಣ್ಣೆ ಬಿಕ್ಕಟ್ಟಿನ ನಂತರ ಅಮೆರಿಕ ತನ್ನ ಶೇಲ್ ನಿಕ್ಷೇಪಗಳತ್ತ ಮತ್ತೆ ಆಸೆಯಿಂದ ನೋಡುತ್ತಿದ್ದಾಗ ಈ ಕೆಲಸದಿಂದ ಮನುಷ್ಯನಿಗೆ ಏನಾಗುತ್ತದೆ ಎಂಬ ಪ್ರಶ್ನೆ ಎದ್ದಿತು. ಉತ್ತರ ಹುಡುಕಲು ನೂರು ವರ್ಷದ ಅನುಭವವಿದ್ದ ಊರು ಸ್ಕಾಟ್ಲೆಂಡಿನಲ್ಲಿತ್ತು. 1980ರ ದಶಕದಲ್ಲಿ ಎಡಿನ್‌ಬರೋದ ಔದ್ಯೋಗಿಕ ಆರೋಗ್ಯ ಸಂಸ್ಥೆಯೊಂದರ ಸಂಶೋಧಕರು ಬದುಕುಳಿದಿದ್ದ ಹಳೆಯ ಕೆಲಸಗಾರರ ಎಕ್ಸ್‌ರೇ ತೆಗೆದು, ಸತ್ತವರ ದಾಖಲೆಗಳನ್ನು ಕೆದಕಿ ನೋಡಿದರು. ಗಣಿಯ ದೂಳು ಸೇರಿದ ಶ್ವಾಸಕೋಶಗಳು ಸಿಕ್ಕವು. ಚರ್ಮದ ಕ್ಯಾನ್ಸರ್‌ನಿಂದ ಸತ್ತವರ ಪ್ರಮಾಣ ಉಳಿದ ಜನರಿಗಿಂತ ಹೆಚ್ಚಾಗಿತ್ತು. ಕೊನೆಯ ಗಣಿ ಮುಚ್ಚಿ ಆಗ ಇಪ್ಪತ್ತು ವರ್ಷ ದಾಟಿತ್ತು, ಬೆಲ್ ಬರೆದು ನೂರು ವರ್ಷ ದಾಟಿತ್ತು.